ಸಪ್ಪಳ ಹೋದ ಪೆಡಲು

ಕಾರಿನ ನೆಲಕ್ಕೆ ಹಾಸಿದ್ದ ರಬ್ಬರ್ ಮ್ಯಾಟನ್ನು ಎತ್ತಿದಾಗ ಅದರ ಕೆಳಗೆ ಹತ್ತಿಯ ಒಂದು ಸಣ್ಣ ಉಂಡೆ ಸಿಕ್ಕಿತು. ಬಣ್ಣಗೆಟ್ಟು ಮಣ್ಣಿನ ಹಾಗಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಗುಲಾಬಿ ಅತ್ತರು... ವಾಸನೆ ನಿಜವಾಗಿ ಉಳಿದಿತ್ತೋ, ಇಷ್ಟು ವರ್ಷದ ಮೇಲೆ ನನ್ನ ಮೂಗೇ ಅದನ್ನು ಎಲ್ಲಿಂದಲೋ ಹುಡುಕಿ ತಂದಿತೋ, ಹೇಳಲಾರೆ. ಅಲ್ಲಿಯವರೆಗೆ ಅದು ಹುಬ್ಬಳ್ಳಿಯಿಂದ ಬಂದ ಯಾವುದೋ ಒಂದು ಹಳೆಯ ಅಂಬಾಸಿಡರ್ ಆಗಿತ್ತು. ಕಪ್ಪು ಹೋಗಿ ಕೆನೆ ಬಣ್ಣ ಬಂದಿತ್ತು, ಸೀಟುಗಳೂ ಹೊಸವು. ಹಾಗಾಗಿ ನನಗೆ ಗುರುತು ಸಿಕ್ಕಿರಲಿಲ್ಲ.

ಹತ್ತಿಗೆ ಅತ್ತರು ಹಚ್ಚಿ ಕಾರಿನ ಸಂದಿಯಲ್ಲಿ ಸಿಕ್ಕಿಸುವ ಚಟ ನಮ್ಮ ಓಣಿಯಲ್ಲಿ ಒಬ್ಬರಿಗೇ ಇತ್ತು. ನಾವೆಲ್ಲ ಅವರನ್ನು ಮಾಮು ಎನ್ನುತ್ತಿದ್ದೆವು.

ನಾನು ಬೆಟಗೇರಿಯಲ್ಲಿ ಲೇಥ್ ಇಟ್ಟುಕೊಂಡವನು. ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಮಗ್ಗದ ತಿರುಪು, ಸವೆದದ್ದು ಏನಿದ್ದರೂ ನನ್ನ ಬಾಗಿಲಿಗೆ ಬರುತ್ತದೆ. ಮಾಮುವಿನ ಮನೆ ನನ್ನ ಅಂಗಡಿಯಿಂದ ನಾಲ್ಕು ಮನೆ ಆಚೆ, ನೇಕಾರರ ಮನೆಗಳ ನಡುವೆ. ಅವರ ಗೋಡೆಯ ಆಚೆ ಒಂದು ಕುಣಿಮಗ್ಗವಿತ್ತು. ನೇಕಾರ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿದಾಗಲೆಲ್ಲ ಟಕ್ಕ್ ಎನ್ನುವ ಸದ್ದು ಬೆಳಗಿನಿಂದ ಸಂಜೆಯವರೆಗೂ ಓಣಿಯಲ್ಲಿ ಕೇಳುತ್ತಿತ್ತು. ಮಾಮುವಿನ ಕಾರಿನ ಸದ್ದು ಅದರ ಜೊತೆಗೇ ಬೆರೆತುಹೋಗಿತ್ತು.

ಆ ಕಾರು ಮೊದಲು ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರೊಬ್ಬರದು. ಮಾಮು ಅವರ ಡ್ರೈವರ್. ಮಿಲ್ಲು ಮುಚ್ಚಿದಾಗ ಸಾಹುಕಾರರು ಕಾರನ್ನು ಮಾಮುವಿಗೇ ಬಿಟ್ಟುಕೊಟ್ಟರು. ಅಂದಿನಿಂದ ಅದು ಬಾಡಿಗೆ ಕಾರು. ಬಸ್ಸು ಸಿಗದವರು, ಹೆರಿಗೆ ನೋವು ಬಂದವರು ಎಲ್ಲರೂ ಅದರಲ್ಲಿ ಹೋದವರೇ. ಆದರೆ ಅದಕ್ಕೆ ಹೆಸರು ಬಂದದ್ದು ಮದುಮಗಳ ಗಾಡಿ ಎಂದು. ಹೊಂಬಳದ ಲಿಂಗಾಯತರ ಮನೆಯಿರಲಿ, ಮುಂಡರಗಿಯ ಮುಸಲ್ಮಾನರ ಮನೆಯಿರಲಿ, ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಮಾಮುವೇ ಬೇಕು. ಹೊಸ ಕಾರುಗಳು ಬಂದ ಮೇಲೂ ಮುದುಕಿಯರು ಹಟ ಹಿಡಿದು ಅವರನ್ನೇ ಕರೆಸುತ್ತಿದ್ದರು.

ಅದಕ್ಕೆ ಕಾರಣ ಅವರದೊಂದು ರೂಢಿ. ಮದುಮಗಳು ಮನೆಯ ಮುಂದೆ ಅಳುವಾಗ ಅವರು ಅವಸರ ಮಾಡುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಸುಮ್ಮನೆ ಗಾಡಿ ಬಿಡುತ್ತಿದ್ದರು. ಊರ ಸೀಮೆ ದಾಟುವ ಜಾಗ ಬಂದಾಗ, ಅಲ್ಲೊಂದು ಬೇವಿನ ಮರವೋ ಹಾಳು ಬಾವಿಯೋ ಇರುತ್ತದಲ್ಲ, ಅಲ್ಲಿ ಗಾಡಿ ನಿಲ್ಲಿಸಿ ಹಿಂದೆ ತಿರುಗದೆ ಹೇಳುತ್ತಿದ್ದರು:

“ಅವ್ವಾ, ಏನ್ ಅಳೂದೈತಿ ಇಲ್ಲೇ ಅತ್ತುಬಿಡು. ಊರು ಇನ್ನೂ ಕಾಣಸ್ತೈತಿ. ಮುಂದ ನಾ ಗಾಡಿ ನಿಂದ್ರಸಂಗಿಲ್ಲ.”

ಆ ಹುಡುಗಿ ಹಿಂದಿನ ಗಾಜಿನಲ್ಲಿ ಊರನ್ನು ನೋಡಿ ಮನಸ್ಸಿಗೆ ಬಂದಷ್ಟು ಅತ್ತ ಮೇಲೆಯೇ ಗಾಡಿ ಮುಂದೆ ಹೋಗುತ್ತಿತ್ತು. ವರನ ಕಡೆಯವರು ಹೊತ್ತಾಯಿತೆಂದು ಗೊಣಗಿದರೂ ಮಾಮು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ನನ್ನ ತಂಗಿ ಹೀಗೆಯೇ ಅತ್ತು ಶಿರಹಟ್ಟಿಗೆ ಹೋದಳು. ಈಗಲೂ ನಮ್ಮ ಸೀಮೆಯ ಬೇವಿನ ಮರ ದಾಟುವಾಗ ಅವಳು ಮಾತು ನಿಲ್ಲಿಸುತ್ತಾಳೆ.

ಮಾಮುವಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಓಢಣಿ ಹೊದ್ದು ಕೂತು, “ಅಬ್ಬಾ, ಗಾಡಿ ಬಿಡ್ರಿ, ನಾ ಲಗ್ನ ಆಗೀನಿ” ಎಂದು ಅಪ್ಪನಿಗೆ ಹೇಳುತ್ತಿದ್ದಳು. ಮಾಮು ನಿಂತ ಕಾರಿನಲ್ಲೇ ಸ್ಟಿಯರಿಂಗ್ ತಿರುಗಿಸಿ ಬಾಯಿಂದ ಭರ್ರ್ ಎಂದು ಸದ್ದು ಮಾಡುತ್ತಿದ್ದರು. ನಾವು ನಗುತ್ತಿದ್ದೆವು. ನಿನ್ನನ್ನು ಕಳಿಸುವ ದಿನವೂ ಗಾಡಿ ನಾನೇ ಓಡಿಸುತ್ತೇನೆ ಎಂದು ಅವರು ಅವಳಿಗೆ ಅದೆಷ್ಟು ಸಲ ಮಾತು ಕೊಟ್ಟಿದ್ದರೋ...

ಆ ಮಗಳಿಗೆ ಲಕ್ಷ್ಮೇಶ್ವರದ ಸಂಬಂಧ ಗೊತ್ತಾಯಿತು. ಲಗ್ನದ ಮಾತಿಗೆ ಬಂದ ವರನ ಕಡೆಯವರನ್ನು ಮಾಮು ಬಸ್ ಸ್ಟ್ಯಾಂಡಿನಿಂದ ತಮ್ಮ ಕಾರಿನಲ್ಲೇ ಕರೆತಂದರು. ವರನ ಕಾಕಾ ಚಾಷ್ಟಿ ಮಾಡಿ ನಗಿಸುವ ಮನುಷ್ಯ. ಇಳಿಯುತ್ತ, “ಏನ್ ಮಾಮು, ನಿಮ್ಮ ಗಾಡ್ಯಾಗ ಹಾರ್ನ್ ಒಂದು ಬಿಟ್ಟು ಉಳಿದದ್ದೆಲ್ಲಾ ಸಪ್ಪಳ ಮಾಡತೈತಿ” ಎಂದ. ಎಲ್ಲರೂ ನಕ್ಕರು, ಮಾಮುವೂ ನಕ್ಕರು. ಮಾಮುವಿನ ಹೆಂಡತಿ ಮಾತ್ರ ನಗಲಿಲ್ಲ. ಮರುದಿನವೇ ನನ್ನ ಅಂಗಡಿಗೆ ಬಂದರು.

“ತಮ್ಮಾ, ನೀನ ಹೇಳು ಇವರಿಗೆ. ಮಗಳನ್ನ ಕೂಡಿಸ್ಕೊಂಡು ಹೋಗೂ ಗಾಡಿ ಖಡಖಡ ಅಂದ್ರ ಬೀಗರು ಏನಂತಾರ?”

ಖಡಖಡ ಎನ್ನುತ್ತಿದ್ದುದು ಪೆಡಲು. ಆ ಕಾಲದ ಕಾರುಗಳಲ್ಲಿ ಕ್ಲಚ್ಚು, ಬ್ರೇಕು ಎರಡೂ ನೆಲದ ತೂತಿನಿಂದ ಮೇಲೆ ಬಂದಿರುತ್ತವೆ. ನೆಲದ ಕೆಳಗೆ ಅಡ್ಡಲಾಗಿ ಒಂದು ಶಾಫ್ಟು, ಅದರ ಮೇಲೆ ಪೆಡಲುಗಳು ತಿರುಗುತ್ತವೆ. ಪೆಡಲಿಗೂ ಶಾಫ್ಟಿಗೂ ನಡುವೆ ಬಳೆಯ ಹಾಗಿರುವ ಹಿತ್ತಾಳೆ ಬಣ್ಣದ ಬುಷ್ಷು. ಅದು ಸವೆದರೆ ಪೆಡಲು ಹಳೆಯ ಹಲ್ಲಿನ ಹಾಗೆ ಅತ್ತಿತ್ತ ಅಲುಗುತ್ತದೆ. ಮಾಮುವಿನ ಕಾರಿನಲ್ಲಿ ಕಾಲಿಟ್ಟ ಕೂಡಲೇ ಕ್ಲಚ್ಚು ಟಕ್ ಎನ್ನುತ್ತಿತ್ತು. ಬ್ರೇಕು ನೆಲದ ತಗಡಿಗೆ ತಾಗಿ ಕಡ್ ಎನ್ನುತ್ತಿತ್ತು. ಅದನ್ನು ರಿಪೇರಿ ಮಾಡೋಣವೆಂದು ನಾನು ಹಿಂದೆಯೂ ಹೇಳಿದ್ದುಂಟು. “ಇರಲಿ ಬಿಡಲೇ, ಗಾಡಿ ಮಾತಾಡತೈತಿ, ಮಾತಾಡ್ಲಿ” ಎಂದು ಅವರು ಹಾರಿಸಿಬಿಡುತ್ತಿದ್ದರು. ಈ ಸಲ ಹೆಂಡತಿಯ ಮುಂದೆ ಅವರ ಆಟ ನಡೆಯಲಿಲ್ಲ. ಮಗಳೂ ತಾಯಿಯ ಕಡೆ ನಿಂತಳು. ಮಾಮು ಕಾರನ್ನು ತಂದು ನಿಲ್ಲಿಸಿ, ಚಾವಿ ನನ್ನ ಕೈಗೆ ಕೊಡುವ ಮುಂಚೆ ಸ್ವಲ್ಪ ಹೊತ್ತು ಒಳಗೇ ಕೂತಿದ್ದರು. ಮಗಳ ಲಗ್ನ ಹತ್ತಿರ ಬಂದಿದೆ, ಮನಸ್ಸು ಭಾರವಾಗಿರಬೇಕು ಎಂದುಕೊಂಡೆ.

ಕೆಳಗೆ ನುಗ್ಗಿ ಪೆಡಲು ಬಿಚ್ಚಿ ನೋಡಿದೆ. ಬುಷ್ಷಿನ ತೂತು ದುಂಡಗಿರುವುದು ಹೋಗಿ ಮೊಟ್ಟೆಯ ಹಾಗಾಗಿತ್ತು. ಬ್ರೇಕಿನ ಸರಳನ್ನು ಹಿಡಿದಿದ್ದ ಪಿನ್ನು ನಡುವೆ ಸವೆದು ಸವೆದು ದಬ್ಬಣದಷ್ಟು ಉಳಿದಿತ್ತು. ಒಂದು ಜೋರಾದ ತುಳಿತಕ್ಕೆ ಮುರಿಯುವಂಥದ್ದು. ಈ ಪಿನ್ನಿನ ಮೇಲೆ ಇಷ್ಟು ಹೆಣ್ಣುಮಕ್ಕಳನ್ನು ದಾಟಿಸಿದ್ದಾರಲ್ಲಪ್ಪ ಎಂದು ದೇವರನ್ನು ನೆನೆದೆ. ಅಂಗಡಿಯಲ್ಲಿ ಸಿಗುವ ಬಿಡಿಭಾಗ ನನಗೆ ಒಗ್ಗಲಿಲ್ಲ. ಆ ಮುಚ್ಚಿದ ಮಿಲ್ಲಿನ ಯಂತ್ರದ್ದೇ ಒಂದು ಗನ್‌ಮೆಟಲ್ ತುಂಡು ನನ್ನ ಹತ್ತಿರ ಬಹಳ ದಿನದಿಂದ ಬಿದ್ದಿತ್ತು. ಒಳ್ಳೆಯ ಕೆಲಸಕ್ಕೆಂದು ಎತ್ತಿಟ್ಟದ್ದು. ಅದನ್ನೇ ಕಡೆದು ಬುಷ್ಷು ಮಾಡಿದೆ. ಶಾಫ್ಟಿನ ತಗ್ಗಿಗೆ ವೆಲ್ಡಿಂಗ್ ತುಂಬಿ ಮತ್ತೆ ದುಂಡಗೆ ತಂದೆ. ಹೊಸ ಪಿನ್ನು, ಹೊಸ ಸ್ಪ್ರಿಂಗು, ಪೆಡಲಿಗೆ ಹೊಸ ರಬ್ಬರು. ಕೊನೆಗೆ ಒಂದು ಬೆರಳಿನಿಂದ ಒತ್ತಿದರೆ ಪೆಡಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು, ಬಿಟ್ಟರೆ ತಾನೇ ಮೇಲೆ ಬಂತು. ಸಪ್ಪಳದ ಹೆಸರಿಲ್ಲ.

ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಇನ್ನೊಂದು ಮಾಡಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರೆ ಜನ ನಗುತ್ತಿದ್ದರು, ನಾನೂ ನಕ್ಕು ಮರೆಯುತ್ತಿದ್ದೆ. ನಾನು ಗಣಪತಿಯನ್ನೇ ಮಾಡಿದ್ದೆ. ಅದೇ ಘಾತವಾಯಿತು.

ಮಾಮು ಸಂಜೆ ನಾಲ್ಕರ ಸುಮಾರಿಗೆ ಬಂದು ಸೀಟಿನಲ್ಲಿ ಕೂತರು. ಎರಡೂ ಪೆಡಲು ಒತ್ತಿದರು. ಮತ್ತೆ ಒತ್ತಿದರು. ಅವರ ಮುಖದಲ್ಲಿ ಖುಷಿ ಬರುತ್ತದೆಂದು ನಾನು ಹಲ್ಲು ಕಿರಿದು ನಿಂತಿದ್ದೆ.

“ಸಪ್ಪಳ ಎಲ್ಲಿ ಹೋತಲೇ?” ಎಂದರು.

“ಹೋತು ಮಾಮು, ನಿಮ್ಮ ಬೀಗರ ಬಾಯಿ ಬಂದ್ ಆತು” ಎಂದೆ.

ಅವರು ನಗಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅಸುಂಡಿ ದಾರಿಯಲ್ಲಿ ಒಂದು ಸುತ್ತು ಹೊಡೆದು ಬರೋಣವೆಂದು ಹೊರಟೆವು. ಕಣ್ಣು ಮುಚ್ಚಿಕೊಂಡು ಓಡಿಸಿದರೂ ಗಾಡಿ ಗೆರೆ ಬಿಡದ ಮನುಷ್ಯ ಅಂದು ಹೊಸದಾಗಿ ಕಲಿಯುವವರ ಹಾಗೆ ಮತ್ತೆ ಮತ್ತೆ ತಲೆ ಬಗ್ಗಿಸಿ ಕಾಲ ಕೆಳಗೆ ನೋಡುತ್ತಿದ್ದರು. ಹೊಸ ರಬ್ಬರು ಜಾರುತ್ತದೆಯೇ ಎಂದು ಕೇಳಿದೆ. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಊರು ಬಿಟ್ಟು ಇಳಿಜಾರಿಗೆ ಬಂದಾಗ ಎದುರಿಗೆ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಮಾಮು ಕಾಲು ಒತ್ತಿದರು, ಗಾಡಿ ನಿಲ್ಲಲಿಲ್ಲ. ನೋಡಿದರೆ ಅವರ ಬಲಗಾಲು ಎರಡು ಪೆಡಲುಗಳ ನಡುವಿನ ನೆಲದ ಮೇಲೆ ಇತ್ತು. ಮೈಯ ಭಾರವನ್ನೆಲ್ಲ ಹಾಕಿ ಅವರು ನೆಲವನ್ನು ಒತ್ತುತ್ತಿದ್ದರು. ನಾನು ಕೈ ಚಾಚಿ ಚಾವಿ ತಿರುಗಿಸಿದೆ. ಗಾಡಿ ಮುಗ್ಗರಿಸಿ ಮುಗ್ಗರಿಸಿ ಕೊನೆಯ ಕುರಿಯ ಬಾಲಕ್ಕೆ ತಾಗುವಷ್ಟರಲ್ಲಿ ನಿಂತಿತು.

“ಏ ಮಾಮು, ಕಣ್ಣು ಎಲ್ಲಿಟ್ಟೀಯೋ?” ಎಂದು ಕುರುಬ ಕೋಲೆತ್ತಿ ಬೈದುಕೊಂಡು ಹೋದ.

ಮಾಮು ಬಾಗಿಲು ತೆಗೆದು, ಬಲಗಾಲಿನ ಚಪ್ಪಲಿ ಕಳಚಿ, ಪಾದವನ್ನು ನನ್ನ ಕಡೆ ತಿರುಗಿಸಿದರು. ಅಂಗಾಲಿನಲ್ಲಿ ಜಾಲಿ ಮುಳ್ಳೊಂದು ಬುಡದ ತನಕ ಹೋಗಿ ಮುರಿದಿತ್ತು. ಸುತ್ತಲಿನ ಚರ್ಮ ಕಪ್ಪಾಗಿತ್ತು.

“ಇದು ಯಾವಾಗ ಹೊಕ್ಕೈತೋ ನನಗ ಖಬರಿಲ್ಲ. ಸಕ್ಕರಿ ಬ್ಯಾನಿ. ಎರಡೂ ಕಾಲಿಗೆ ಏನೂ ತಿಳಿಯಂಗಿಲ್ಲಲೇ, ಭಾಳ ವರ್ಷ ಆತು. ಪೆಡಲ್ ಸಪ್ಪಳ ಕೇಳಿ ಓಡಸ್ತಿದ್ದೆ. ಟಕ್ ಅಂದ್ರ ಕ್ಲಚ್, ಕಡ್ ಅಂದ್ರ ಬ್ರೇಕ್...”

ಇಡೀ ಓಣಿ ಆ ಸಪ್ಪಳವನ್ನು ಕೇಳಿ ನಕ್ಕಿತ್ತು. ಅವರು ಅದನ್ನೇ ಕಾಲು ಮಾಡಿಕೊಂಡಿದ್ದರು. ಹೆಂಡತಿಗೂ ಮಗಳಿಗೂ ಈ ವಿಷಯ ಗೊತ್ತಿರಲಿಲ್ಲ. ಹೇಳಿದರೆ ಚಾವಿ ಕಸಿದುಕೊಳ್ಳುತ್ತಾರೆಂಬ ಹೆದರಿಕೆ.

“ಹಳೀ ಬುಷ್ ಇಟ್ಟೀಯಲ್ಲ?” ಎಂದು ಕೇಳಿದರು.

“ಅದಾವ.”

“ಹಾಕಿಕೊಡು. ಒಂದ ದಿನಾ. ಮಗಳನ್ನ ಲಕ್ಷ್ಮೇಶ್ವರಕ್ಕ ಮುಟ್ಟಿಸಿ ಬರ್ತೀನಿ. ಆಮ್ಯಾಲೆ ಈ ಗಾಡಿ ಮುಟ್ಟಿದ್ರ ಕೇಳು.”

ನಾನು ಆಗುವುದಿಲ್ಲ ಎಂದೆ. ಬೇರೆ ಏನು ಹೇಳಲಿ? ಆ ಪಿನ್ನನ್ನು ನನ್ನ ಕಣ್ಣಿನಿಂದ ನೋಡಿದ್ದೆ, ಈಗ ಆ ಪಾದವನ್ನೂ ನೋಡಿದ್ದೆ. ಹಿಂದಿನ ಸೀಟಿನಲ್ಲಿ ಕೂರುವವಳು ನನ್ನ ಕಣ್ಣ ಮುಂದೆ ಬೆಳೆದ ಹುಡುಗಿ. ಮಾಮು ಇನ್ನೊಮ್ಮೆ ಕೇಳಲಿಲ್ಲ. ಬೇಡಿಕೊಂಡಿದ್ದರೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವರು ಚಪ್ಪಲಿ ಹಾಕಿಕೊಂಡರು. ಹಾಕಿಕೊಂಡೆನೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡರು. ಎದ್ದು ಈ ಕಡೆಯ ಸೀಟಿಗೆ ಬಂದು ಕೂತರು. ವಾಪಸ್ಸು ನಾನು ಓಡಿಸಿದೆ.

“ಮನ್ಯಾಗ ಹೇಳಬ್ಯಾಡ. ಲಗ್ನ ಮುಗೀಲಿ” ಎಂದಷ್ಟೇ ಹೇಳಿದರು.

ಮದುವೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹೆಣ್ಣನ್ನು ಕಳಿಸುವ ಹೊತ್ತಾಯಿತು. ಕಾರು ತೊಳೆದು, ಹೂವು ಕಟ್ಟಿ, ಸಂದಿಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿದ್ದು ಮಾಮುವೇ. ಮಗಳು ಹಿಂದೆ ಕೂತಳು, ಪಕ್ಕದಲ್ಲಿ ಅವಳ ಗಂಡ. ಚಾವಿ ಹಿಡಿದು ನಾನು ಡ್ರೈವರ್ ಸೀಟಿಗೆ ಬಂದಾಗ ಅವಳು ಮುಖದ ಸೆರಗು ಸರಿಸಿದಳು.

“ಅಬ್ಬಾ, ನೀವು ಓಡಸಂಗಿಲ್ಲೇನು?”

“ಅಪ್ಪ ಆದಂವ ಓಡಸಬಾರದವ್ವಾ. ರಿವಾಜ್ ಅಲ್ಲ” ಎಂದರು ಮಾಮು.

ಅಂಥ ರಿವಾಜು ಯಾವ ಜಾತಿಯಲ್ಲೂ ಇಲ್ಲ. ಅದು ಅವಳಿಗೂ ಗೊತ್ತು. ತನ್ನ ಮದುವೆ ಅಪ್ಪನ ಮನಸ್ಸಿಗೆ ಬಂದಿಲ್ಲ ಎಂದು ಅವಳು ಆ ಕ್ಷಣ ತಪ್ಪು ತಿಳಿದುಕೊಂಡಳು. ಸೆರಗು ಮತ್ತೆ ಎಳೆದುಕೊಂಡಳು. ಕಾರು ಹೊರಟಿತು. ಬೆಣ್ಣೆಯಂಥ ಪೆಡಲು, ಒಂದು ಸದ್ದಿಲ್ಲ. ವರನ ಕಾಕಾ ಹಿಂದಿನ ಜೀಪಿನಲ್ಲಿದ್ದ, ಅವನಿಗೆ ನಗಲು ಏನೂ ಉಳಿದಿರಲಿಲ್ಲ.

ಮಾಮು ನನ್ನ ಪಕ್ಕದಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದರು. ಪ್ರತಿ ತಿರುವಿನಲ್ಲಿ ಅವರ ಕಾಲು ಖಾಲಿ ನೆಲವನ್ನು ಒತ್ತುತ್ತಿತ್ತು. ನಾನು ಎಲ್ಲಿ ಬ್ರೇಕ್ ಹಾಕಬೇಕೆಂದುಕೊಂಡೆನೋ ಅದಕ್ಕಿಂತ ಒಂದು ಗಳಿಗೆ ಮುಂಚೆಯೇ ಅವರ ಕಾಲು ಒತ್ತಿರುತ್ತಿತ್ತು. ಊರ ಸೀಮೆಯ ಬೇವಿನ ಮರ ಕಂಡಿತು. ಅವರ ಬಲಗಾಲು ನಿಧಾನವಾಗಿ ನೆಲಕ್ಕೆ ಊರಿತು, ಹಾಗೇ ನಿಂತಿತು. ನಾನು ಬ್ರೇಕ್ ಒತ್ತಿದೆ.

ಕಾರು ನಿಂತದ್ದು ಯಾರಿಗೂ ಕೇಳಿಸಲಿಲ್ಲ. ಈಗ ಮಾಮು ಮಾತಾಡಬೇಕಿತ್ತು. ಬೇರೆಯವರ ಮಕ್ಕಳಿಗೆ ಅಷ್ಟು ಸಲೀಸಾಗಿ ಹೇಳಿದ ಆ ಮಾತು ಅವರ ಗಂಟಲಿಂದ ಹೊರಡಲಿಲ್ಲ. ನಾನು ಹೇಳೋಣವೆಂದುಕೊಂಡೆ, ಅದು ನನ್ನ ಮಾತಲ್ಲ... ಹಿಂದಿನ ಸೀಟಿನಿಂದ ಅಳು ಬರುತ್ತದೆಂದು ಕಾದೆವು. ಅವಳು ಅಳಲಿಲ್ಲ. ಹಿಂದೆ ತಿರುಗಿ ಊರನ್ನೂ ನೋಡಲಿಲ್ಲ. ಕೊನೆಗೆ, “ಗಾಡಿ ಬಿಡ್ರಿ ಅಣ್ಣಾ, ಹೊತ್ತಾಗತೈತಿ” ಎಂದು ನನಗೆ ಹೇಳಿದಳು.

ಮಾಮುವಿನ ಕಾಲು ನೆಲದಿಂದ ಮೇಲೆ ಬಂತು. ನಾನು ಗಾಡಿ ಬಿಟ್ಟೆ.

ಆಮೇಲೆ ಹೇಳಲು ಹೆಚ್ಚೇನಿಲ್ಲ, ಇದ್ದದ್ದೆಲ್ಲ ಕೆಟ್ಟದ್ದೇ. ಆ ಮುಳ್ಳಿನ ಗಾಯ ಮಾಯಲಿಲ್ಲ. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ. ಮನೆಯವರಿಗೆ ಎಲ್ಲವೂ ತಿಳಿದದ್ದು ಆಗಲೇ. ಮಗಳು ಲಕ್ಷ್ಮೇಶ್ವರದಿಂದ ಓಡಿಬಂದಳು. ಗಾಡಿ ಯಾಕೆ ಓಡಿಸಲಿಲ್ಲವೆಂದು ನಾನೇ ಅವಳಿಗೆ ಹೇಳಿದೆ. ಕೇಳಿದ ಮೇಲೆ ಅವಳು ಅಪ್ಪನ ಮಂಚದ ಕಾಲು ಹಿಡಿದು ಅತ್ತ ಅಳುವನ್ನು ಅಂದು ಬೇವಿನ ಮರದ ಹತ್ತಿರ ಅತ್ತಿದ್ದರೆ, ಅದು ಮದುಮಗಳ ಅಳುವಾಗುತ್ತಿತ್ತು. ಈಗ ಅದು ಬೇರೆ ಏನೋ ಆಗಿತ್ತು. ಮಾಮು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಹೊತ್ತಿಗೆ ಅವರು ಮಾತು ಬಹುತೇಕ ಬಿಟ್ಟಿದ್ದರು.

ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ಗೋಡೆಯ ಆಚೆ ಕುಣಿಮಗ್ಗ ನಡೆಯುತ್ತಿತ್ತು. ಒಂದು ಸಂಜೆ ನೋಡಿದೆ, ಮಗ್ಗ ಟಕ್ಕ್ ಎಂದಾಗಲೆಲ್ಲ ಹೊದಿಕೆಯ ಕೆಳಗೆ ಅವರ ಎಡಗಾಲು ಚೂರು ಒತ್ತುತ್ತಿತ್ತು. ಆಮೇಲೆ ಇಲ್ಲದ ಬಲಗಾಲಿನ ತೊಡೆ ಅಲುಗುತ್ತಿತ್ತು. ಕಣ್ಣು ಮುಚ್ಚಿದ್ದರು. ಯಾವ ದಾರಿಯಲ್ಲಿದ್ದರೋ, ಹಿಂದೆ ಯಾರನ್ನು ಕೂರಿಸಿಕೊಂಡಿದ್ದರೋ... ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಬಂದೆ. ಬೇಸಿಗೆ ಮುಗಿಯುವ ಮುಂಚೆ ಅವರು ತೀರಿಕೊಂಡರು. ಕಾರು ಯಾರಿಗೋ ಹೋಯಿತು. ಈಗ ಆ ನೇಕಾರನೂ ಇಲ್ಲ, ಕುಣಿಯನ್ನು ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ.

ನೀನು ಒಂದು ದೊಡ್ಡ ಅಪಘಾತ ತಪ್ಪಿಸಿದೆ ಎಂದು ಓಣಿಯ ಹಿರಿಯರು ನನಗೆ ಹೇಳಿದ್ದಾರೆ. ಖರೆ ಇರಬಹುದು. ಈಗಲೂ ಹಳೆಯ ಬುಷ್ಷು ಹಾಕಿಕೊಡು ಎಂದು ಯಾರಾದರೂ ಕೇಳಿದರೆ ನಾನು ಆಗುವುದಿಲ್ಲ ಎಂದೇ ಹೇಳುವವನು. ಆದರೆ ಆ ಸಮಾಧಾನ ನನಗೆ ಒಂದು ದಿನವೂ ಊಟ ರುಚಿಸುವ ಹಾಗೆ ಮಾಡಿಲ್ಲ. ಅಂದಿನಿಂದ ಯಾರಾದರೂ ಸವೆದ ಸಾಮಾನು ತಂದರೆ, ಇದರ ಸವಕಳಿಯಲ್ಲಿ ಯಾರ ಜೀವ ನಿಂತಿದೆಯೋ ಎಂದು ಹೆದರಿಕೆಯಾಗುತ್ತದೆ. ಗಿರಾಕಿಗಳಿಗೆ ಸುಮ್ಮನೆ ನೂರು ಪ್ರಶ್ನೆ ಕೇಳುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಅವರು ನಗುತ್ತಾರೆ.

ಕೆನೆ ಬಣ್ಣದ ಕಾರಿನ ಈಗಿನ ಮಾಲೀಕರು ಹಳೆಯ ಕಾರು ಸಾಕುವ ಶೋಕಿಯವರು, ಒಳ್ಳೆಯ ಮನುಷ್ಯ. ಗೇರಿನ ಕೆಲಸಕ್ಕೆಂದು ತಂದಿದ್ದರು. ಕೆಳಗೆ ನುಗ್ಗಿ ನೋಡಿದೆ. ನನ್ನ ಬುಷ್ಷುಗಳು ನಾನು ಕೂರಿಸಿದ ಹಾಗೆಯೇ ಇದ್ದವು, ಕೂದಲೆಳೆಯಷ್ಟೂ ಸವೆದಿರಲಿಲ್ಲ. ಸವೆಯಲು ಯಾರಾದರೂ ಓಡಿಸಬೇಕಲ್ಲ.

“ಪೆಡಲ್ ಮಾತ್ರ ಏನ್ ಮಸ್ತ್ ಮಾಡ್ಯಾರ ನೋಡ್ರಿ” ಎಂದರು ಅವರು. “ಒಂಚೂರು ಸಪ್ಪಳಿಲ್ಲ. ಯಾರ ಕೈ ಕೆಲಸಾನೋ ಏನೋ.”

“ಯಾರೋ ಇದ್ದಿರಬೇಕ್ರಿ” ಎಂದೆ.

ಕಾರು ಹೋದ ಮೇಲೆ ಮೇಲಿನ ಹಲಗೆಯಿಂದ ತಗಡಿನ ಡಬ್ಬಿ ಇಳಿಸಿದೆ. ಮಾಮುವಿನ ಹಳೆಯ ಬುಷ್ಷು ಅದರಲ್ಲಿತ್ತು. ಅದನ್ನು ಒಂದು ಶಾಫ್ಟಿನ ತುಂಡಿಗೆ ಏರಿಸಿ ಕೈಯಲ್ಲಿ ಅಲುಗಾಡಿಸಿದೆ. ಟಕ್ ಎಂದಿತು. ಇನ್ನೊಮ್ಮೆ ಅಲುಗಾಡಿಸಿದೆ. ಸಪ್ಪಳ ಹಾಗೆಯೇ ಇತ್ತು, ಅದನ್ನು ಕೇಳಿ ಕಾಲಿಡುವವರು ಇರಲಿಲ್ಲ.